ಅಮ್ಮನಿಗೆ ಕಳಿಸಿದ್ದ ಮೆಸೇಜುಗಳು ಸಾಕ್ಷಿಯಾದವು

ಅಮೆರಿಕದ ಸೈನ್ಯದಲ್ಲಿ ಐದು ವರ್ಷ ಇದ್ದೆ. ಮುಟ್ಟಿನ ನೋವು ವಿಪರೀತವಾಗಿದ್ದು ಅಲ್ಲೇ. ಎರಡು ಸಲ ಸಿಕ್ ಕಾಲ್‌ಗೆ, ಅಂದರೆ ಸೈನಿಕರು ಹುಷಾರಿಲ್ಲದಾಗ ತೋರಿಸಿಕೊಳ್ಳುವ ಕ್ಲಿನಿಕ್ಕಿಗೆ, ಹೋದೆ, ಐಬುಪ್ರೊಫೆನ್ ತಂದು ನುಂಗಿದೆ, ಆಮೇಲೆ ಹೋಗುವುದನ್ನೇ ಬಿಟ್ಟೆ. ಇಂಥದ್ದನ್ನು ಹೊರಗೆ ಹೇಳಬಾರದು ಅಂತ ಬೆಳೆದವಳು ನಾನು. ಸೇವೆ ಮುಗಿಸಿ ಬಂದ ಎರಡು ವರ್ಷಕ್ಕೆ ಲ್ಯಾಪರೊಸ್ಕೋಪಿ (ಹೊಟ್ಟೆಗೆ ಸಣ್ಣ ತೂತು ಮಾಡಿ ಕ್ಯಾಮೆರಾದಲ್ಲಿ ನೋಡುವುದು) ಮಾಡಿದಾಗ ಎಂಡೊಮೆಟ್ರಿಯೋಸಿಸ್ ಅಂತ ಗೊತ್ತಾಯಿತು: ಗರ್ಭಕೋಶದ ಒಳಪದರದಂಥ ಅಂಗಾಂಶ ಗರ್ಭಕೋಶದ ಹೊರಗೆ ಬೆಳೆಯುವ ಕಾಯಿಲೆ.

ಸೇವೆಯಲ್ಲಿ ಶುರುವಾದ ಕಾಯಿಲೆಗೆ ಪರಿಹಾರ ಕೊಡುವ ಮಾಜಿ ಸೈನಿಕರ ಇಲಾಖೆಗೆ, ಅಂದರೆ ವಿಎಗೆ, ಮೊದಲು 'ಇಂಟೆಂಟ್ ಟು ಫೈಲ್', ಅಂದರೆ ಅರ್ಜಿ ಹಾಕುತ್ತೇನೆ ಅನ್ನುವ ಮುನ್ಸೂಚನೆ, ಕೊಟ್ಟೆ. ಅದನ್ನು ಕೊಟ್ಟರೆ ದಾಖಲೆ ಕೂಡಿಸಲು ಒಂದು ವರ್ಷ ಸಿಗುತ್ತದೆ, ಮಂಜೂರಾದರೆ ಹಣವೂ ಸಾಮಾನ್ಯವಾಗಿ ಆ ದಿನದಿಂದಲೇ ಲೆಕ್ಕ. ಆದರೂ ಆಮೇಲೆ ಹಾಕಿದ ಅರ್ಜಿ ತಿರಸ್ಕಾರವಾಯಿತು. ಕಾಯಿಲೆ ಇದೆ ಅನ್ನುವುದಕ್ಕೆ ಕಾಗದ ಇತ್ತು. ಸೇವೆಯಲ್ಲೇ ಶುರುವಾಯಿತು ಅನ್ನುವುದಕ್ಕೆ ಇದ್ದದ್ದು ಎರಡೇ ಚೀಟಿ. ಎರಡನ್ನೂ ಜೋಡಿಸುವ ವೈದ್ಯರ ಮಾತು ಇರಲೇ ಇಲ್ಲ.

ಆಗ ನೆನಪಾಗಿದ್ದು ಅಮ್ಮನ ಜೊತೆಗಿನ ವಾಟ್ಸ್ಆ್ಯಪ್. 'ಅಮ್ಮಾ, ಇವತ್ತೂ ಎದ್ದೇಳೋಕೆ ಆಗ್ತಿಲ್ಲ.' ಹೆಚ್ಚುಕಡಿಮೆ ಪ್ರತಿ ತಿಂಗಳೂ ಅದೇ ಮಾತು, ತಾರೀಖಿನ ಸಮೇತ! ಕನ್ನಡ ಬಲ್ಲ ಗೆಳತಿಯೊಬ್ಬಳು ಇಂಗ್ಲಿಷ್‌ಗೆ ಅನುವಾದಿಸಿ ಸಹಿ ಹಾಕಿದಳು. ಬ್ಯಾರಕ್‌ನಲ್ಲಿ ನನ್ನ ರೂಮಲ್ಲಿದ್ದವಳು ತಾನು ಕಣ್ಣಾರೆ ಕಂಡದ್ದನ್ನು ಸಾಕ್ಷಿ ಹೇಳಿಕೆಗೆಂದೇ ಇರುವ ವಿಎಯ 21-10210 ಫಾರಂನಲ್ಲಿ ಬರೆದುಕೊಟ್ಟಳು. ಇವೆಲ್ಲವನ್ನೂ ಸೇವೆಯ ಆರೋಗ್ಯ ದಾಖಲೆಯನ್ನೂ ಓದಿದ ಮೇಲೆ ನನ್ನ ಸ್ತ್ರೀರೋಗ ವೈದ್ಯೆ ಪತ್ರ ಕೊಟ್ಟರು. ಅದರಲ್ಲಿ ಸುಮ್ನೆ 'ಇರಬಹುದು' ಅಂತ ಬರೆದರೆ ಸಾಲದು. ಸೇವೆಯಲ್ಲೇ ಶುರುವಾದ ಸಾಧ್ಯತೆ ಕನಿಷ್ಠ ಅರ್ಧಕ್ಕರ್ಧ ಇದೆ ಅನ್ನಬೇಕು, ಯಾಕೆ ಅಂತಲೂ ವಿವರಿಸಬೇಕು. ತಿರಸ್ಕಾರವಾಗಿ ವರ್ಷ ತುಂಬುವ ಮೊದಲೇ 'ಸಪ್ಲಿಮೆಂಟಲ್ ಕ್ಲೇಮ್', ಅಂದರೆ ಹೊಸ ಸಾಕ್ಷಿ ಇಟ್ಟು ಮತ್ತೆ ಅರ್ಜಿ, ಹಾಕಿದ್ದರಿಂದ ಹಳೆಯ ತಾರೀಖು ಕೈತಪ್ಪಲಿಲ್ಲ. ಮಾಜಿ ಸೈನಿಕರ ಸಂಘದ ಪ್ರತಿನಿಧಿಯೊಬ್ಬರು ಪುಕ್ಕಟೆಯಾಗಿ ಎಲ್ಲ ಕಾಗದ ನೋಡಿಕೊಟ್ಟರು.

ಅರ್ಜಿಗಾಗಿ ವಿಎ ಮಾಡಿಸುವ ವೈದ್ಯಕೀಯ ಪರೀಕ್ಷೆಗೆ ಮಹಿಳಾ ವೈದ್ಯರೇ ಬೇಕು ಅಂತ ಕೇಳಿದೆ. ಹಾಗೆ ಕೇಳಬಹುದು. ಅವರು 'ಹೇಗಿದ್ದೀರಿ' ಅಂದಾಗ ಬಾಯಿಗೆ ಬಂದದ್ದು 'ಚೆನ್ನಾಗಿದ್ದೀನಿ'. ನಮಗೆಲ್ಲ ಅದೇ ಅಭ್ಯಾಸ ಅಲ್ವಾ? ತಡೆದು, ಕೆಟ್ಟ ದಿನಗಳ ವಿಷಯ ಹೇಳಿದೆ: ಎಷ್ಟು ಪ್ಯಾಡ್, ಎಷ್ಟು ದಿನ ರಜೆ, ಯಾವ ಮಾತ್ರೆ ಕೆಲಸ ಮಾಡಲಿಲ್ಲ. ಆ ಕೊನೆಯ ಉತ್ತರಕ್ಕೆ ತೂಕ ಜಾಸ್ತಿ. ಕಾಯಿಲೆ ಎಷ್ಟು ತೀವ್ರ ಅಂತ ವಿಎ ಶೇಕಡಾವಾರು ಅಳೆಯುತ್ತದೆ: ಸತತ ಚಿಕಿತ್ಸೆಯಿಂದ ನೋವು, ರಕ್ತಸ್ರಾವ ಹಿಡಿತದಲ್ಲಿದ್ದರೆ 10 ಶೇಕಡಾ, ಚಿಕಿತ್ಸೆಗೂ ಬಗ್ಗದಿದ್ದರೆ 30. ಅದರ ಜೊತೆಗೆ ಕರುಳು ಅಥವಾ ಮೂತ್ರಕೋಶಕ್ಕೂ ಹಬ್ಬಿದ್ದು ಲ್ಯಾಪರೊಸ್ಕೋಪಿಯಲ್ಲಿ ಕಂಡು, ಅಲ್ಲಿಯೂ ತೊಂದರೆ ಇದ್ದರೆ 50.

ನನಗೆ 30 ಬಂತು. ಮುಂದೆ ಗರ್ಭಕೋಶ ತೆಗೆಯಬೇಕಾಗಬಹುದು ಅಂದಿದ್ದಾರೆ ವೈದ್ಯೆ. ಹಾಗಾದರೆ ಮೂರು ತಿಂಗಳು 100 ಶೇಕಡಾ, ಜೊತೆಗೆ ಅಂಗನಷ್ಟಕ್ಕೆ ಪ್ರತಿ ತಿಂಗಳು ಬೇರೆಯೇ ಭತ್ಯೆ ಇದೆ. ಆ ಕಾಗದಗಳನ್ನು ಈಗಲೇ ಒಂದು ಫೈಲಿಗೆ ಹಾಕುತ್ತಿದ್ದೇನೆ.