ಡಿಎನ್‌ಎಸ್ ಒಬ್ಬರ ಕೈಗೆ, ಹುಡುಕಾಟ ಇನ್ನೊಬ್ಬರ ಕೈಗೆ

ನೀವು ಒಂದು ದಿನ ಇಂಟರ್ನೆಟ್ ಬಳಸಿದರೆ ಎರಡು ಪಟ್ಟಿಗಳು ತಯಾರಾಗುತ್ತವೆ. ಒಂದರಲ್ಲಿ ನೀವು ಹೋದ ಸೈಟುಗಳ ಹೆಸರು ಇರುತ್ತದೆ. ಇನ್ನೊಂದರಲ್ಲಿ ನೀವು ಸರ್ಚ್ ಇಂಜಿನ್ನಿಗೆ ಕೇಳಿದ ಪ್ರಶ್ನೆಗಳು ಇರುತ್ತವೆ. ಮೊದಲನೆಯದು ಡಿಎನ್‌ಎಸ್ ಸರ್ವರ್ ನಡೆಸುವವರಿಗೆ ಕಾಣುತ್ತದೆ, ಎರಡನೆಯದು ಸರ್ಚ್ ಕಂಪನಿಗೆ. ಎರಡನ್ನೂ ಯಾರಿಗೂ ಕಾಣದಂತೆ ಮಾಡುವುದು ನಮ್ಮ ನಿಮ್ಮಂಥವರಿಗೆ ಕಷ್ಟ. ಆದರೆ ಯಾರಿಗೆ ಕಾಣಬೇಕು ಅನ್ನುವುದನ್ನು ನಾವೇ ತೀರ್ಮಾನಿಸಬಹುದು. ಎರಡೂ ಒಂದೇ ಕಂಪನಿಗೆ ಹೋಗದಂತೆ ನೋಡಿಕೊಳ್ಳಬಹುದು. ಮನೆಯವರ ಫೋನು, ಗೆಳೆಯರ ಲ್ಯಾಪ್‌ಟಾಪ್ ಕೈಗೆ ಬಂದಾಗ ನಾನು ಮೊದಲು ಮಾಡುವ ಕೆಲಸ ಇದು.

ಡಿಎನ್‌ಎಸ್ ಅಂದರೆ ಸೈಟಿನ ಹೆಸರು ಕೊಟ್ಟರೆ ಅದರ ಐಪಿ ವಿಳಾಸ (ನೆಟ್‌ವರ್ಕಿನಲ್ಲಿ ಅದನ್ನು ಗುರುತಿಸುವ ಅಂಕಿಗಳ ವಿಳಾಸ) ಹುಡುಕಿಕೊಡುವ ವ್ಯವಸ್ಥೆ. ಪಾಲ್ ಮೊಕಾಪೆಟ್ರಿಸ್ ಇದನ್ನು ರೂಪಿಸಿದ್ದು 1983ರಲ್ಲಿ. ಆಗ ನೆಟ್‌ವರ್ಕಿನಲ್ಲಿ ಇದ್ದ ಕಂಪ್ಯೂಟರ್‌ಗಳೇ ಕಡಿಮೆ. ನಡುವೆ ಯಾರೋ ಕದ್ದು ನೋಡುತ್ತಾರೆ ಅನ್ನುವ ಚಿಂತೆ ಆ ವಿನ್ಯಾಸದಲ್ಲಿ ಇರಲಿಲ್ಲ. ಹಾಗಾಗಿ ಹಳೆಯ ಡಿಎನ್‌ಎಸ್ ಪ್ರಶ್ನೆ 53ನೇ ಪೋರ್ಟಿನಲ್ಲಿ (ಪೋರ್ಟ್ ಅಂದರೆ ಒಂದೊಂದು ಬಗೆಯ ಸಂಚಾರಕ್ಕೆ ಇಟ್ಟ ಬಾಗಿಲಿನ ಸಂಖ್ಯೆ) ಬಿಚ್ಚು ಅಕ್ಷರಗಳಲ್ಲೇ ಹೋಗುತ್ತದೆ. ನೀವು ತೆರೆಯುವ ಸೈಟು ಸುರಕ್ಷಿತ ಸಂಪರ್ಕವಾದ ಎಚ್‌ಟಿಟಿಪಿಎಸ್‌ನಲ್ಲಿ ಇದ್ದರೂ, ಅದಕ್ಕೂ ಮೊದಲು ಹೋಗುವ ಈ ಪ್ರಶ್ನೆಯನ್ನು ವೈಫೈ ನಡೆಸುವವರು, ಇಂಟರ್ನೆಟ್ ಕಂಪನಿ, ನಡುವೆ ಕೂತ ಯಾರು ಬೇಕಾದರೂ ಓದಬಹುದು.

"ಬರೀ ಹೆಸರು ತಾನೆ, ಅದರಲ್ಲಿ ಏನಿದೆ?" ಅಂತ ಕೇಳುವವರಿದ್ದಾರೆ. ನಾನು ಹಿಂದೆ ಒಂದು ಸಣ್ಣ ಆಫೀಸಿನ ನೆಟ್‌ವರ್ಕ್ ನೋಡಿಕೊಳ್ಳುತ್ತಿದ್ದೆ. ನೆಟ್ ನಿಧಾನ ಆಗಿದೆ ಅಂತ ದೂರು ಬಂದಾಗ ಕಾರಣ ಹುಡುಕಲು ಡಿಎನ್‌ಎಸ್ ಲಾಗ್, ಅಂದರೆ ಯಾವ ಫೋನು ಯಾವ ಹೆಸರು ಕೇಳಿತು ಅನ್ನುವ ದಾಖಲೆ, ತೆರೆಯಬೇಕಾಗಿತ್ತು. ಒಂದು ಫೋನಿನಿಂದ ಬಂಜೆತನದ ಚಿಕಿತ್ಸೆಯ ಆಸ್ಪತ್ರೆಯ ಹೆಸರು, ಸ್ವಲ್ಪ ಹೊತ್ತಿಗೆ ಸಾಲ ಕೊಡುವ ಸೈಟು, ಆಮೇಲೆ ಮತ್ತೆ ಅದೇ ಆಸ್ಪತ್ರೆ. ಇನ್ನೊಂದರಿಂದ ಊಟದ ಬಿಡುವಿನಲ್ಲಿ ಸಾಲಾಗಿ ಕೆಲಸ ಹುಡುಕುವ ಸೈಟುಗಳು. ಯಾವ ಪುಟವನ್ನೂ ನಾನು ನೋಡಲಿಲ್ಲ, ನೋಡಲು ಆಗುತ್ತಲೂ ಇರಲಿಲ್ಲ. ಆದರೂ ಎಲ್ಲ ಗೊತ್ತಾಯಿತು. ಯಾರ ಫೋನ್ ಅಂತ ತಿಳಿಯಲು ಫೋನಿಗೆ ಅವರೇ ಇಟ್ಟಿದ್ದ ಹೆಸರು ಸಾಕಿತ್ತು. ಲಾಗ್ ಅಳಿಸಿದೆ. ಆದರೆ ಎಲ್ಲ ಕಡೆ ಅಳಿಸುತ್ತಾರೆ ಅಂತ ನಂಬಲು ಆಗಲ್ಲ. ಇಷ್ಟು ಸುಲಭವಾಗಿ ಒಬ್ಬರ ಕಷ್ಟ ಇನ್ನೊಬ್ಬರ ಪರದೆಯ ಮೇಲೆ ಬರಬಾರದು.

ಪ್ರಶ್ನೆಯನ್ನು ಎನ್‌ಕ್ರಿಪ್ಟ್ ಮಾಡಿ, ಅಂದರೆ ನಡುವಿನವರಿಗೆ ಓದಲಾಗದಂತೆ ಮಾಡಿ, ಕಳಿಸುವ ಪರಿಹಾರ ಬಂದು ಕೆಲವು ವರ್ಷಗಳೇ ಆದವು. 2016ರಲ್ಲಿ ಡಿಎನ್‌ಎಸ್ ಓವರ್ ಟಿಎಲ್‌ಎಸ್, ಅಂದರೆ ಡಿಒಟಿ ಬಂತು. ಅದು 853ನೇ ಪೋರ್ಟ್ ಬಳಸುತ್ತದೆ. 2018ರಲ್ಲಿ ಡಿಎನ್‌ಎಸ್ ಓವರ್ ಎಚ್‌ಟಿಟಿಪಿಎಸ್, ಅಂದರೆ ಡಿಒಎಚ್ ಬಂತು. ಅದು ಉಳಿದ ವೆಬ್ ಸಂಚಾರದ ಜೊತೆಗೇ 443ನೇ ಪೋರ್ಟಿನಲ್ಲಿ ಹೋಗುತ್ತದೆ, ಹಾಗಾಗಿ ತಡೆಯುವುದು ಕಷ್ಟ. ಎನ್‌ಕ್ರಿಪ್ಷನ್ ವಿಷಯದಲ್ಲಿ ಎರಡೂ ಗಟ್ಟಿಯೇ. ಯಾವುದು ಸಿಗುತ್ತದೋ ಅದನ್ನು ಹಾಕಿಕೊಳ್ಳಿ. ಡಿಎನ್‌ಎಸ್‌ಸೆಕ್ ಅನ್ನುವ ಹೆಸರೂ ಕಿವಿಗೆ ಬೀಳಬಹುದು. ಅದು ಉತ್ತರ ಅಸಲಿಯೋ ನಕಲಿಯೋ ಅಂತ ಪರೀಕ್ಷಿಸುತ್ತದೆ, ಪ್ರಶ್ನೆಯನ್ನು ಮುಚ್ಚುವುದಿಲ್ಲ.

ಯಾರನ್ನು ನಂಬುವುದು?

ಇದೇ ಮುಖ್ಯ ಪ್ರಶ್ನೆ. ಎನ್‌ಕ್ರಿಪ್ಟ್ ಮಾಡಿದ ಮೇಲೂ ದಾರಿಯ ಆ ತುದಿಯಲ್ಲಿ ಇರುವ ಸರ್ವರ್ ನಿಮ್ಮ ಪ್ರಶ್ನೆಯನ್ನು ಓದಲೇಬೇಕು, ಇಲ್ಲದಿದ್ದರೆ ಉತ್ತರ ಕೊಡುವುದು ಹೇಗೆ? ಮೂರು ಹೆಸರು ಜಾಸ್ತಿ ಬಳಕೆಯಲ್ಲಿವೆ. ಗೂಗಲ್‌ನ 8.8.8.8 ಬಂದದ್ದು 2009ರಲ್ಲಿ. ಐಪಿ ವಿಳಾಸ ಇರುವ ತಾತ್ಕಾಲಿಕ ಲಾಗುಗಳನ್ನು 24ರಿಂದ 48 ಗಂಟೆಯೊಳಗೆ ಅಳಿಸುತ್ತೇವೆ ಅಂತ ಗೂಗಲ್ ಹೇಳುತ್ತದೆ. ಕ್ಲೌಡ್‌ಫ್ಲೇರ್‌ನ 1.1.1.1 ಶುರುವಾದದ್ದು 2018ರ ಏಪ್ರಿಲ್ 1ರಂದು, ವೇಗಕ್ಕೆ ಹೆಸರಾದದ್ದು. ಕ್ವಾಡ್9 ಸಂಸ್ಥೆಯ 9.9.9.9 ಬಂದದ್ದು 2017ರಲ್ಲಿ. ಇದು ಲಾಭಕ್ಕಾಗಿ ನಡೆಯುವ ಸಂಸ್ಥೆ ಅಲ್ಲ, 2021ರಲ್ಲಿ ತನ್ನ ನೆಲೆಯನ್ನು ಸ್ವಿಟ್ಜರ್ಲೆಂಡಿಗೆ ಬದಲಾಯಿಸಿಕೊಂಡಿತು. ವಂಚನೆಯ ಸೈಟು, ವೈರಸ್ ಹರಡುವ ಸೈಟುಗಳ ಹೆಸರು ಕೇಳಿದರೆ ಅದು ಉತ್ತರವನ್ನೇ ಕೊಡುವುದಿಲ್ಲ.

ನಾನು ಆರಿಸಿಕೊಂಡದ್ದು ಕ್ವಾಡ್9. ಜಾಹೀರಾತು ಮಾರುವ ಕೆಲಸ ಅದಕ್ಕಿಲ್ಲ ಅನ್ನುವುದು ಒಂದು ಕಾರಣ. ವಯಸ್ಸಾದವರು ಮೆಸೇಜಿನಲ್ಲಿ ಬಂದ ಮೋಸದ ಲಿಂಕ್ ಒತ್ತಿದಾಗ ಎಷ್ಟೋ ಸಲ ಪುಟವೇ ತೆರೆಯುವುದಿಲ್ಲ ಅನ್ನುವುದು ಇನ್ನೊಂದು. ಮಕ್ಕಳ ಸಾಧನಕ್ಕೆ ಕ್ಲೌಡ್‌ಫ್ಲೇರ್‌ನ 1.1.1.3 ಇದೆ, ಅದು ವೈರಸ್ ಸೈಟುಗಳ ಜೊತೆಗೆ ವಯಸ್ಕರ ಸೈಟುಗಳನ್ನೂ ತಡೆಯುತ್ತದೆ. ಗೂಗಲ್ ಡಿಎನ್‌ಎಸ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಆದರೆ ಗೂಗಲ್‌ನಲ್ಲಿ ಹುಡುಕುವವರು, ಕ್ರೋಮ್ ಬಳಸುವವರು ಇದೊಂದನ್ನಾದರೂ ಬೇರೆಯವರಿಗೆ ಕೊಡಿ.

ಫೋನಿನಲ್ಲಿ ಹೀಗೆ ಮಾಡಿ

ಆಂಡ್ರಾಯ್ಡ್ 9 ಅಥವಾ ಅದಕ್ಕಿಂತ ಹೊಸದಾದರೆ ಕೆಲಸ ಸುಲಭ. ಸೆಟ್ಟಿಂಗ್ಸ್‌ಗೆ ಹೋಗಿ, ನೆಟ್‌ವರ್ಕ್ ಮತ್ತು ಇಂಟರ್ನೆಟ್ ಒಳಗೆ ಪ್ರೈವೇಟ್ ಡಿಎನ್‌ಎಸ್ ಹುಡುಕಿ. ಸ್ಯಾಮ್‌ಸಂಗ್ ಫೋನಿನಲ್ಲಿ ಅದು ಕನೆಕ್ಷನ್ಸ್ ಒಳಗೆ, ಮೋರ್ ಕನೆಕ್ಷನ್ ಸೆಟ್ಟಿಂಗ್ಸ್‌ನಲ್ಲಿ ಸಿಗುತ್ತದೆ. ಅಲ್ಲಿ ಮೂರು ಆಯ್ಕೆ ಇರುತ್ತದೆ: ಆಫ್, ಆಟೋಮ್ಯಾಟಿಕ್, ಮತ್ತು ಪ್ರೊವೈಡರ್ ಹೆಸರು ಬರೆಯುವುದು. ಆಟೋಮ್ಯಾಟಿಕ್ ಇದ್ದರೆ ಸಾಕು ಅಂತ ಎಷ್ಟೋ ಜನ ಬಿಟ್ಟುಬಿಡುತ್ತಾರೆ. ಅದು ಸಾಕಾಗಲ್ಲ. ನೆಟ್‌ವರ್ಕ್ ಕೊಟ್ಟ ಡಿಎನ್‌ಎಸ್ ಸರ್ವರಿಗೆ ಎನ್‌ಕ್ರಿಪ್ಷನ್ ಗೊತ್ತಿದ್ದರೆ ಮಾತ್ರ ಅದನ್ನು ಬಳಸುತ್ತದೆ, ಇಲ್ಲದಿದ್ದರೆ ಏನೂ ಹೇಳದೆ ಹಳೆಯ ದಾರಿಗೆ ಇಳಿಯುತ್ತದೆ. ಮೂರನೆಯದನ್ನೇ ಆರಿಸಿ. ಕ್ವಾಡ್9 ಬೇಕಿದ್ದರೆ ಇಂಗ್ಲಿಷ್ ಅಕ್ಷರಗಳಲ್ಲಿ "ಡಿಎನ್‌ಎಸ್ ಡಾಟ್ ಕ್ವಾಡ್9 ಡಾಟ್ ನೆಟ್" ಅಂತ ಬರೆಯಿರಿ, ಡಾಟ್ ಬಂದ ಕಡೆ ಚುಕ್ಕಿ, ಎಲ್ಲೂ ಜಾಗ ಬಿಡಬೇಡಿ. ಕ್ಲೌಡ್‌ಫ್ಲೇರ್ ಬೇಕಿದ್ದರೆ "ಒನ್" ಅನ್ನುವ ಇಂಗ್ಲಿಷ್ ಪದವನ್ನು ನಾಲ್ಕು ಸಲ, ನಡುನಡುವೆ ಚುಕ್ಕಿ ಹಾಕಿ ಬರೆಯಿರಿ. ಇಲ್ಲಿ 9.9.9.9 ಅಂತ ಅಂಕಿ ಹಾಕಿದರೆ ನಡೆಯಲ್ಲ, ಹೆಸರೇ ಬೇಕು.

ಇದರಿಂದ ಒಂದು ತೊಂದರೆ ಖಂಡಿತ ಎದುರಾಗುತ್ತದೆ. ವಿಮಾನ ನಿಲ್ದಾಣ, ಹೋಟೆಲುಗಳ ವೈಫೈಯಲ್ಲಿ ಮೊದಲು ಲಾಗಿನ್ ಪುಟ ತೆರೆಯಬೇಕಲ್ವಾ, ಅದು ಕೆಲವೊಮ್ಮೆ ತೆರೆಯುವುದೇ ಇಲ್ಲ. ಅಂಥ ಕಡೆ ಪ್ರೈವೇಟ್ ಡಿಎನ್‌ಎಸ್ ಅನ್ನು ಆಟೋಮ್ಯಾಟಿಕ್‌ಗೆ ಹಾಕಿ, ಲಾಗಿನ್ ಮುಗಿಸಿ, ಮತ್ತೆ ಮೊದಲಿನಂತೆ ಮಾಡಿ. ಬೇರೆಯವರ ಫೋನಿಗೆ ಹಾಕಿಕೊಡುವಾಗ ಇದನ್ನು ಹೇಳಿಕೊಡದೆ ಏಳಬೇಡಿ. ಹೇಳದಿದ್ದರೆ "ಏನೋ ಮಾಡಿ ನೆಟ್ ಹಾಳು ಮಾಡಿದ" ಅಂತ ಎಲ್ಲವನ್ನೂ ತೆಗೆದುಹಾಕಿಬಿಡುತ್ತಾರೆ.

ಐಫೋನಿನಲ್ಲಿ ಐಒಎಸ್ 14ರಿಂದ ಈ ಸೌಲಭ್ಯ ಇದೆ, ಆದರೆ ಹೆಸರು ಬರೆಯುವ ಸರಳ ಪೆಟ್ಟಿಗೆ ಇಲ್ಲ. ಕ್ವಾಡ್9 ತನ್ನ ಸೈಟಿನಲ್ಲಿ ಕೊಡುವ ಪ್ರೊಫೈಲ್ (ಸೆಟ್ಟಿಂಗುಗಳಿರುವ ಫೈಲ್) ಇಳಿಸಿಕೊಳ್ಳಬೇಕು, ಅಥವಾ ಕ್ಲೌಡ್‌ಫ್ಲೇರ್‌ನ 1.1.1.1 ಆ್ಯಪ್ ಹಾಕಿಕೊಳ್ಳಬೇಕು. ಪ್ರೊಫೈಲನ್ನು ಸಂಸ್ಥೆಯ ಸ್ವಂತ ಸೈಟಿನಿಂದ ಮಾತ್ರ ತೆಗೆದುಕೊಳ್ಳಿ, ಯಾರೋ ಕಳಿಸಿದ ಫೈಲ್ ಬೇಡವೇ ಬೇಡ. ವೈಫೈ ಸೆಟ್ಟಿಂಗಿನಲ್ಲಿ ಡಿಎನ್‌ಎಸ್ ಜಾಗಕ್ಕೆ ಸುಮ್ನೆ ಅಂಕಿ ತುಂಬಿದರೆ ಸರ್ವರ್ ಬದಲಾಗುತ್ತದೆ, ಎನ್‌ಕ್ರಿಪ್ಟ್ ಆಗಿಯೇ ಹೋಗುತ್ತದೆ ಅನ್ನುವ ಖಾತ್ರಿ ಅದರಿಂದ ಸಿಗುವುದಿಲ್ಲ.

ಕಂಪ್ಯೂಟರಿನಲ್ಲಿ

ವಿಂಡೋಸ್ 11ರಲ್ಲಿ ನೆಟ್‌ವರ್ಕ್ ಸೆಟ್ಟಿಂಗಿಗೆ ಹೋಗಿ, ನಿಮ್ಮ ವೈಫೈಯ ಹಾರ್ಡ್‌ವೇರ್ ಪ್ರಾಪರ್ಟೀಸ್ ತೆರೆಯಿರಿ. ಡಿಎನ್‌ಎಸ್ ಸರ್ವರ್ ಅಸೈನ್‌ಮೆಂಟ್ ಪಕ್ಕದ ಎಡಿಟ್ ಒತ್ತಿ ಮ್ಯಾನ್ಯುಯಲ್ ಆರಿಸಿ. ಐಪಿವಿ4ಗೆ (ಹಳೆಯ ಬಗೆಯ ಐಪಿ ವಿಳಾಸ) 1.1.1.1 ಮತ್ತು 1.0.0.1 ಹಾಕಿ. ಐಪಿವಿ6 (ಹೊಸ ಬಗೆಯದು) ಖಾಲಿ ಬಿಡಬೇಡಿ, ಬಿಟ್ಟರೆ ಆ ದಾರಿಯಲ್ಲಿ ಹಳೆಯ ಸರ್ವರಿಗೇ ಪ್ರಶ್ನೆ ಹೋಗಬಹುದು. ಅಲ್ಲಿ 2606:4700:4700::1111 ಮತ್ತು 2606:4700:4700::1001 ಹಾಕಿ. ಪ್ರತಿಯೊಂದರ ಕೆಳಗೂ ಡಿಎನ್‌ಎಸ್ ಓವರ್ ಎಚ್‌ಟಿಟಿಪಿಎಸ್ ಆನ್ ಮಾಡಿ, ಎನ್‌ಕ್ರಿಪ್ಷನ್ ಸಿಗದಿದ್ದರೆ ಬಿಚ್ಚು ದಾರಿಗೆ ಇಳಿಯುವ ಆಯ್ಕೆಯನ್ನು ಆಫ್ ಮಾಡಿ. ಅಂಕಿ ಹಾಕಿ ಈ ಕೊನೆಯ ಹೆಜ್ಜೆ ಬಿಟ್ಟರೆ ಏನೂ ಮುಚ್ಚಿದಂತೆ ಆಗಲಿಲ್ಲ.

ಇಡೀ ಕಂಪ್ಯೂಟರ್ ಮುಟ್ಟುವುದು ಬೇಡ ಅನ್ನುವವರು ಬ್ರೌಸರಿನಲ್ಲಿ ಮಾತ್ರ ಮಾಡಬಹುದು. ಫೈರ್‌ಫಾಕ್ಸ್‌ನಲ್ಲಿ ಪ್ರೈವಸಿ ಮತ್ತು ಸೆಕ್ಯೂರಿಟಿ ಸೆಟ್ಟಿಂಗಿನಲ್ಲಿ ಡಿಎನ್‌ಎಸ್ ಓವರ್ ಎಚ್‌ಟಿಟಿಪಿಎಸ್ ಇದೆ, ಅದರಲ್ಲಿ ಮ್ಯಾಕ್ಸ್ ಪ್ರೊಟೆಕ್ಷನ್ ಆರಿಸಿ. ಕ್ರೋಮ್‌ನಲ್ಲಿ ಸೆಕ್ಯೂರಿಟಿ ಪುಟದಲ್ಲಿ ಸೆಕ್ಯೂರ್ ಡಿಎನ್‌ಎಸ್ ಇದೆ, ಅಲ್ಲಿ "ಈಗಿನ ಸರ್ವಿಸ್ ಪ್ರೊವೈಡರ್" ಬಿಟ್ಟು ಒಂದು ಹೆಸರನ್ನು ನೀವೇ ಆರಿಸಿ. ಉಳಿದ ಪ್ರೋಗ್ರಾಮುಗಳಿಗೆ ಇದು ಅನ್ವಯಿಸದು. ಆಫೀಸು ಕೊಟ್ಟ ಲ್ಯಾಪ್‌ಟಾಪ್ ಆದರೆ ಯಾವುದನ್ನೂ ಮುಟ್ಟಬೇಡಿ. ಅಲ್ಲಿನ ಒಳ ಸೈಟುಗಳ ಹೆಸರು ಹೊರಗಿನ ಡಿಎನ್‌ಎಸ್‌ಗೆ ಗೊತ್ತಿರುವುದಿಲ್ಲ, ಕೆಲಸವೇ ನಿಂತುಹೋಗುತ್ತದೆ. ಸ್ವಂತ ವಿಷಯವನ್ನು ಸ್ವಂತ ಫೋನಿನಲ್ಲಿ, ಮೊಬೈಲ್ ಡೇಟಾದಲ್ಲಿ ಹುಡುಕಿ.

ಹಾಕಿದ ಮೇಲೆ ಪರೀಕ್ಷೆ ಮಾಡಲೇಬೇಕು. ಕ್ಲೌಡ್‌ಫ್ಲೇರ್ ಆದರೆ ಬ್ರೌಸರಿನಲ್ಲಿ 1.1.1.1 ಬರೆದು, ಒಂದು ಓರೆಗೆರೆ ಹಾಕಿ, ಹೆಲ್ಪ್ ಅನ್ನುವ ಇಂಗ್ಲಿಷ್ ಪದ ಸೇರಿಸಿ ತೆರೆಯಿರಿ. ಡಿಒಎಚ್ ಅಥವಾ ಡಿಒಟಿ ಎದುರು "ಯೆಸ್" ಬರಬೇಕು. ಕ್ವಾಡ್9 ಆದರೆ "ಆನ್ ಡಾಟ್ ಕ್ವಾಡ್9 ಡಾಟ್ ನೆಟ್" ತೆರೆಯಿರಿ, ನೀವು ಅದನ್ನೇ ಬಳಸುತ್ತಿದ್ದೀರಾ ಅಂತ ಹೇಳುತ್ತದೆ.

ಇಷ್ಟಾದರೂ ಉಳಿಯುವುದು

ನಿಮ್ಮ ಇಂಟರ್ನೆಟ್ ಕಂಪನಿ ಈಗಲೂ ಪೂರ್ತಿ ಕುರುಡಾಗಿಲ್ಲ. ನೀವು ಯಾವ ಐಪಿ ವಿಳಾಸಕ್ಕೆ ಹೋಗುತ್ತೀರಿ ಅನ್ನುವುದು ಅದಕ್ಕೆ ಕಾಣುತ್ತದೆ. ಸುರಕ್ಷಿತ ಸಂಪರ್ಕ ಶುರುವಾಗುವ ಮೊದಲ ಮಾತಿನಲ್ಲೇ ಸೈಟಿನ ಹೆಸರು ಬಿಚ್ಚಾಗಿ ಹೋಗುತ್ತದೆ, ಇದಕ್ಕೆ ಎಸ್‌ಎನ್‌ಐ ಅನ್ನುತ್ತಾರೆ. ಅದನ್ನೂ ಮುಚ್ಚುವ ಇಸಿಎಚ್ ಅನ್ನುವ ವಿಧಾನ 2023ರಲ್ಲಿ ಕ್ರೋಮ್ ಮತ್ತು ಫೈರ್‌ಫಾಕ್ಸ್‌ಗೆ ಬಂತು. ಸೈಟಿನ ಕಡೆಯವರೂ ಅದನ್ನು ಹಾಕಿಕೊಂಡಿರಬೇಕು, ಫೈರ್‌ಫಾಕ್ಸ್‌ನಲ್ಲಿ ಡಿಒಎಚ್ ಕೂಡ ಆನ್ ಇರಬೇಕು. ವಿಪಿಎನ್ (ನಿಮ್ಮ ಸಂಚಾರವನ್ನೆಲ್ಲ ತನ್ನ ಸರ್ವರ್ ಮೂಲಕ ಕಳಿಸುವ ಸೇವೆ) ಹಾಕಿದರೆ ಇಂಟರ್ನೆಟ್ ಕಂಪನಿಗೆ ಕಾಣುತ್ತಿದ್ದದ್ದು ವಿಪಿಎನ್ ಕಂಪನಿಗೆ ಕಾಣುತ್ತದೆ, ಅಷ್ಟೆ. ಹೆಸರು ಬಯಲಾದರೆ ಜೀವಕ್ಕೇ ಅಪಾಯ ಅನ್ನುವ ಸ್ಥಿತಿಯಲ್ಲಿ ಇರುವವರಿಗೆ ಈ ಬರಹದ ಯಾವ ಸೆಟ್ಟಿಂಗೂ ಸಾಲದು. ಅವರು ಗುರುತು ಮರೆಮಾಡುವ ಟಾರ್ ಬ್ರೌಸರ್ ಬಗ್ಗೆ ಓದಿ, ಗೊತ್ತಿರುವವರ ಹತ್ತಿರ ಕೂತು ಕಲಿಯಬೇಕು.

ಇನ್ನು ಪ್ರಶ್ನೆಗಳ ಪಟ್ಟಿ

ನನ್ನ ದೃಷ್ಟಿಯಲ್ಲಿ ಸರ್ಚ್ ಪಟ್ಟಿ ಡಿಎನ್‌ಎಸ್ ಪಟ್ಟಿಗಿಂತ ಸೂಕ್ಷ್ಮ. ಡಿಎನ್‌ಎಸ್‌ನಲ್ಲಿ ಆಸ್ಪತ್ರೆಯ ಹೆಸರು ಇರುತ್ತದೆ, ಸರ್ಚ್‌ನಲ್ಲಿ ನಿಮ್ಮ ಭಯವೇ ವಾಕ್ಯವಾಗಿ ಇರುತ್ತದೆ. 2006ರ ಆಗಸ್ಟ್‌ನಲ್ಲಿ ಎಒಎಲ್ ಅನ್ನುವ ಅಮೆರಿಕದ ಇಂಟರ್ನೆಟ್ ಕಂಪನಿ ಸುಮಾರು 6.5 ಲಕ್ಷ ಬಳಕೆದಾರರ ಮೂರು ತಿಂಗಳ ಹುಡುಕಾಟಗಳನ್ನು ಸಂಶೋಧನೆಗೆ ಅಂತ ಬಹಿರಂಗ ಮಾಡಿತು. ಹೆಸರು ತೆಗೆದು ಬರೀ ಸಂಖ್ಯೆ ಕೊಟ್ಟಿದ್ದರು. ಕೆಲವೇ ದಿನಗಳಲ್ಲಿ ಪತ್ರಕರ್ತರು ಬರೀ ಹುಡುಕಿದ ಪದಗಳನ್ನು ಓದಿ ಒಬ್ಬ ಮಹಿಳೆಯ ಮನೆ ಬಾಗಿಲಿಗೆ ಹೋಗಿ ನಿಂತರು. ಹೆಸರು ಅಳಿಸಿದರೆ ಸಾಕು ಅನ್ನುವ ಮಾತನ್ನು ನಾನು ನಂಬದಿರುವುದು ಇದಕ್ಕೇ.

ಡಕ್‌ಡಕ್‌ಗೋ ಅನ್ನುವ ಸರ್ಚ್ ಇಂಜಿನ್ 2008ರಿಂದ ಇದೆ. ಹುಡುಕಾಟವನ್ನು ವ್ಯಕ್ತಿಗೆ ಜೋಡಿಸಿ ಇಟ್ಟುಕೊಳ್ಳುವುದಿಲ್ಲ ಅನ್ನುತ್ತದೆ. ಅದರ ಫಲಿತಾಂಶ ಬಹುಪಾಲು ಮೈಕ್ರೋಸಾಫ್ಟ್‌ನ ಬಿಂಗ್‌ನಿಂದ ಬರುತ್ತದೆ, ಜಾಹೀರಾತೂ ಅವರದ್ದೇ. ಹಾಗಾಗಿ ಜಾಹೀರಾತಿನ ಮೇಲೆ ಒತ್ತಬೇಡಿ, ಕೆಳಗಿನ ಮಾಮೂಲಿ ಫಲಿತಾಂಶ ಒತ್ತಿ. ನೆದರ್ಲೆಂಡ್ಸ್‌ನ ಸ್ಟಾರ್ಟ್‌ಪೇಜ್ ನಿಮ್ಮ ಪರವಾಗಿ ಗೂಗಲ್‌ಗೆ ಕೇಳಿ ಉತ್ತರ ತಂದುಕೊಡುತ್ತದೆ, ನಿಮ್ಮ ಐಪಿ ಗೂಗಲ್‌ಗೆ ಹೋಗುವುದಿಲ್ಲ. ಗೂಗಲ್ ಫಲಿತಾಂಶ ಬಿಟ್ಟು ಇರಲಾರೆ ಅನ್ನುವವರಿಗೆ ನಾನು ಇದನ್ನೇ ಹಾಕಿಕೊಡುತ್ತೇನೆ. 2021ರಲ್ಲಿ ಬಂದ ಬ್ರೇವ್ ಸರ್ಚ್ ವೆಬ್ ಪುಟಗಳ ಸ್ವಂತ ಸೂಚಿ ಕಟ್ಟಿಕೊಂಡಿದೆ, ಬೇರೆ ಇಂಜಿನ್ನಿನಿಂದ ತರುವುದಿಲ್ಲ. ಬ್ರಿಟನ್ನಿನ ಮೋಜೀಕ್ ಕೂಡ ಹಾಗೆಯೇ, ಆದರೆ ಚಿಕ್ಕದು. 'ಕಾಗಿ' ಅನ್ನುವ ಸರ್ಚ್ ಇಂಜಿನ್ ದುಡ್ಡು ಕೊಟ್ಟು ಬಳಸುವಂಥದ್ದು, ಜಾಹೀರಾತು ಇಲ್ಲ.

ಯಾವುದು ಒಳ್ಳೆಯದು ಅಂತ ಬೇರೆಯವರನ್ನು ಕೇಳಬೇಡಿ. ನೀವು ನಿಜಕ್ಕೂ ಹುಡುಕುವ ಕೆಲವು ವಿಷಯಗಳನ್ನು ಎರಡು ಇಂಜಿನ್‌ಗಳಲ್ಲಿ ಅಕ್ಕಪಕ್ಕ ಇಟ್ಟು ನೋಡಿ. ಕನ್ನಡದಲ್ಲಿ ಟೈಪ್ ಮಾಡಿ ಹುಡುಕುವವರು ಕನ್ನಡದಲ್ಲೇ ಪರೀಕ್ಷಿಸಿ, ಇಂಗ್ಲಿಷಿನಲ್ಲಿ ಚೆನ್ನಾಗಿರುವುದು ಇಲ್ಲಿ ಸೋಲಬಹುದು. ನಾನು ದಿನದ ಬಳಕೆಗೆ ಡಕ್‌ಡಕ್‌ಗೋ ಇಟ್ಟಿದ್ದೇನೆ, ಕನ್ನಡದಲ್ಲಿ ಸಿಗದಿದ್ದಾಗ ಸ್ಟಾರ್ಟ್‌ಪೇಜ್‌ಗೆ ಹೋಗುತ್ತೇನೆ.

ಬದಲಾಯಿಸಲು ಬ್ರೌಸರ್ ಸೆಟ್ಟಿಂಗಿನಲ್ಲಿ ಸರ್ಚ್ ಇಂಜಿನ್ ಅಂತ ಹುಡುಕಿದರೆ ಸಾಕು, ಕ್ಷಣದ ಕೆಲಸ. ಆದರೂ ಹೆಚ್ಚಿನವರು ಫೋನಿನ ಜೊತೆ ಬಂದದ್ದನ್ನೇ ಮುಂದುವರಿಸುತ್ತಾರೆ. ಅದು ಕಂಪನಿಗಳಿಗೂ ಚೆನ್ನಾಗಿ ಗೊತ್ತು. ತಾನೇ ಡೀಫಾಲ್ಟ್ ಆಗಿರಲು ಗೂಗಲ್ 2021ರಲ್ಲಿ 26.3 ಬಿಲಿಯನ್ ಡಾಲರ್ ಕೊಟ್ಟಿತ್ತು ಅನ್ನುವುದು ಅಮೆರಿಕದ ಕೋರ್ಟಿನಲ್ಲಿ ಹೊರಬಂತು. ಆಂಡ್ರಾಯ್ಡ್ ಮುಖಪುಟದ ಸರ್ಚ್ ಬಾರ್ ಬ್ರೌಸರಿನ ಸೆಟ್ಟಿಂಗ್ ಕೇಳುವುದಿಲ್ಲ. ಅದನ್ನು ತೆಗೆದು, ಆ ಜಾಗದಲ್ಲಿ ನಿಮ್ಮ ಬ್ರೌಸರಿನ ವಿಜೆಟ್ ಇಡಿ.

ಇನ್ನೊಂದು ಸೆಟ್ಟಿಂಗ್ ಇದೆ, ನಾನು ಇದನ್ನು ಒತ್ತಿ ಹೇಳುತ್ತೇನೆ: ಸರ್ಚ್ ಸಜೆಶನ್ಸ್ ಆಫ್ ಮಾಡಿ. ಅದು ಆನ್ ಇದ್ದರೆ ಬ್ರೌಸರಿನಲ್ಲಿ ವಿಳಾಸ ಬರೆಯುವ ಜಾಗದಲ್ಲಿ ನೀವು ಒತ್ತುವ ಅಕ್ಷರಗಳು, ಎಂಟರ್ ಒತ್ತುವ ಮೊದಲೇ, ಸರ್ಚ್ ಕಂಪನಿಗೆ ಹೋಗುತ್ತಿರುತ್ತವೆ. ಅರ್ಧ ಬರೆದು ಬೇಡ ಅಂತ ಅಳಿಸಿದ್ದೂ ಹೋಗಿರುತ್ತದೆ. ಕೈತಪ್ಪಿ ಅಲ್ಲಿ ಪಾಸ್‌ವರ್ಡ್ ಅಂಟಿಸಿದರೆ ಅದೂ ಹೋಗಬಹುದು. ಇನ್‌ಕಾಗ್ನಿಟೊ ಕಿಟಕಿ ಫೋನಿನಲ್ಲಿ ಹಿಸ್ಟರಿ ಉಳಿಯದಂತೆ ಮಾಡುತ್ತದೆ, ಅದರಾಚೆಗೆ ಸರ್ಚ್ ಕಂಪನಿಗಾಗಲಿ ನೆಟ್‌ವರ್ಕಿಗಾಗಲಿ ಅದು ಅಡ್ಡಿ ಅಲ್ಲ.

ಹಳೆಯ ಪಟ್ಟಿಯನ್ನೂ ಮರೆಯಬೇಡಿ. ಗೂಗಲ್ ಖಾತೆಯಲ್ಲಿ ವೆಬ್ ಮತ್ತು ಆ್ಯಪ್ ಆಕ್ಟಿವಿಟಿ ತೆರೆಯಿರಿ. ಇಲ್ಲಿಯವರೆಗಿನದನ್ನು ಅಳಿಸಿ, ಇನ್ನು ಮುಂದೆ ಉಳಿಸುವುದನ್ನು ನಿಲ್ಲಿಸಿ. ನಿಲ್ಲಿಸಲು ಮನಸ್ಸಿಲ್ಲದಿದ್ದರೆ ತಾನಾಗಿ ಅಳಿಯುವ ಅವಧಿಯನ್ನು 3 ತಿಂಗಳಿಗೆ ಇಡಿ. ಬೇರೆ ಆಯ್ಕೆಗಳು 18 ಮತ್ತು 36 ತಿಂಗಳು, ಅವು ಜಾಸ್ತಿ ಆಯಿತು. ಹೊಸ ಫೋನ್ ತೆಗೆದುಕೊಂಡಾಗ ಪ್ರೈವೇಟ್ ಡಿಎನ್‌ಎಸ್ ಹೆಸರು ತಾನಾಗಿ ಜೊತೆಗೆ ಬರುತ್ತದೆ ಅಂದುಕೊಳ್ಳಬೇಡಿ. ಮೊದಲ ದಿನವೇ ಹಾಕಿ, ಪರೀಕ್ಷೆಯ ಪುಟ ತೆರೆದು ನೋಡಿ.