ಗೇಮ್ ಮಧ್ಯೆ ಸ್ಕ್ರೀನ್ ಕಪ್ಪಾಗುತ್ತಿದೆಯೇ?

ಸ್ನೇಹಿತರೇ, ಲ್ಯಾಪ್‌ಟಾಪಿನಲ್ಲಿ ಗೇಮ್ ಆಡುವಾಗ ಸ್ಕ್ರೀನ್ ಕಪ್ಪಾದರೆ, ಗೆರೆ ಬಂದರೆ ತಕ್ಷಣ ವಿಂಡೋಸ್ ಫಾರ್ಮ್ಯಾಟ್ ಮಾಡಬೇಡಿ. ತೊಂದರೆ ಡ್ರೈವರಿನದೋ (ಗ್ರಾಫಿಕ್ಸ್ ಚಿಪ್ ನಡೆಸುವ ಸಾಫ್ಟ್‌ವೇರ್) ಹಾರ್ಡ್‌ವೇರಿನದೋ ಎಂದು ಮೊದಲು ತಿಳಿಯಬೇಕು. ಬಯಾಸ್ ಪರದೆಗೆ, ಅಂದರೆ ವಿಂಡೋಸ್ ಶುರುವಾಗುವ ಮೊದಲೇ ತೆರೆಯುವ ಸೆಟ್ಟಿಂಗ್ ಪರದೆಗೆ, ಹೋಗಿ ನೋಡಿ. ಅಲ್ಲಿ ವಿಂಡೋಸಿನ ಡ್ರೈವರ್ ಕೆಲಸ ಮಾಡುವುದೇ ಇಲ್ಲ, ಹಾಗಾಗಿ ಅಲ್ಲೂ ಗೆರೆ ಕಂಡರೆ ಡ್ರೈವರ್ ಬದಲಿಸಿ ಪ್ರಯೋಜನವಿಲ್ಲ. ಬೇರೆ ಮಾನಿಟರ್ ಜೋಡಿಸಿ. ಅದರಲ್ಲಿ ಚಿತ್ರ ಸರಿಯಿದ್ದರೆ ಲ್ಯಾಪ್‌ಟಾಪಿನ ಡಿಸ್‌ಪ್ಲೇ ಅಥವಾ ಅದರ ಕೇಬಲ್ ಮೇಲೆಯೇ ಅನುಮಾನ.

ಬಯಾಸ್‌ನಲ್ಲಿ ಎಲ್ಲ ಚೆನ್ನಾಗಿದ್ದರೆ ವಿಂಡೋಸಿನ ದೋಷಗಳ ದಾಖಲೆ ತೋರಿಸುವ ಇವೆಂಟ್ ವ್ಯೂವರ್‌ನ ಸಿಸ್ಟಮ್ ಲಾಗ್ ತೆರೆಯಿರಿ. 4101 ಸಂಖ್ಯೆಯ ಎಚ್ಚರಿಕೆ ಇದ್ದರೆ ಡಿಸ್‌ಪ್ಲೇ ಡ್ರೈವರ್ ಉತ್ತರಿಸದೆ ನಿಂತು, ಮತ್ತೆ ಚೇತರಿಸಿಕೊಂಡಿದೆ ಎಂದರ್ಥ. ವಿಪರೀತ ಬಿಸಿಯಿಂದಲೂ ಹೀಗಾಗಬಹುದು, ಫ್ಯಾನಿನ ಧೂಳು ತೆಗೆಸಿ.

ಆಮೇಲೂ ಹಾಗೇ ಆದರೆ ಡ್ರೈವರನ್ನು ಬುಡಸಮೇತ ತೆಗೆಯುವುದೇ ಒಳ್ಳೆಯದು. ಲ್ಯಾಪ್‌ಟಾಪ್ ಕಂಪನಿಯ ಸೈಟಿನಿಂದ ನಿಮ್ಮ ಮಾಡೆಲ್‌ನ ಡ್ರೈವರ್ ಇಳಿಸಿಟ್ಟುಕೊಳ್ಳಿ. ಬಿಟ್‌ಲಾಕರ್ (ಡಿಸ್ಕಿಗೆ ವಿಂಡೋಸ್ ಹಾಕುವ ಬೀಗ) ರಿಕವರಿ ಕೀ ಬರೆದಿಟ್ಟುಕೊಳ್ಳುವುದನ್ನು ದಯವಿಟ್ಟು ಮರೆಯಬೇಡಿ, ಸೇಫ್ ಮೋಡ್‌ಗೆ (ಅಗತ್ಯದಷ್ಟೇ ಸಾಫ್ಟ್‌ವೇರಿನೊಂದಿಗೆ ವಿಂಡೋಸ್ ತೆರೆಯುವ ವಿಧಾನ) ಹೋಗುವಾಗ ಕೇಳಬಹುದು. ನಂತರ ಇಂಟರ್ನೆಟ್ ಕಡಿತಗೊಳಿಸಿ, ಇಲ್ಲದಿದ್ದರೆ ವಿಂಡೋಸ್ ಅಪ್‌ಡೇಟ್ ತನ್ನದೇ ಡ್ರೈವರ್ ತಂದು ಹಾಕುತ್ತದೆ. ಸೇಫ್ ಮೋಡ್‌ನಲ್ಲಿ ಡಿಡಿಯು (ಡಿಸ್‌ಪ್ಲೇ ಡ್ರೈವರ್ ಅನ್‌ಇನ್‌ಸ್ಟಾಲರ್, ಹಳೆಯ ಡ್ರೈವರ್ ಪೂರ್ತಿ ಅಳಿಸುವ ಟೂಲ್) ಓಡಿಸಿ, ರೀಸ್ಟಾರ್ಟ್ ಮಾಡಿ, ಇಳಿಸಿಟ್ಟ ಡ್ರೈವರ್ ಹಾಕಿ. ಚಾರ್ಜರ್ ಸಿಕ್ಕಿಸಿಯೇ ಗೇಮ್ ಪರೀಕ್ಷಿಸಿ; ಬ್ಯಾಟರಿಯಲ್ಲಿ ಗ್ರಾಫಿಕ್ಸ್ ಚಿಪ್‌ಗೆ ಪೂರ್ಣ ಶಕ್ತಿ ಸಿಗುವುದಿಲ್ಲ.