ಅಂಕಿ ಬೇಡ, ಉಪಾಯ ಬೇಡ: ಶನಿವಾರದ ಬಣ್ಣದ ಗುಂಪು

“ಊಟ ಮಾಡಿ ಅನ್ನೋಕೂ ಒಂದು ಗುಂಪು ಬೇಕಾ?” ಎಂದು ನಕ್ಕವರೇ ಈಗ ಮನೆಯ ಮಕ್ಕಳನ್ನು ಕಳಿಸಲಾ ಎಂದು ಕೇಳುತ್ತಿದ್ದಾರೆ. ಊಟ ಬಿಡುವ, ತಿಂದದ್ದನ್ನು ವಾಂತಿ ಮಾಡಿಕೊಳ್ಳುವ ತೊಂದರೆಯಿಂದ (ಈಟಿಂಗ್ ಡಿಸಾರ್ಡರ್) ಹೊರಬರುತ್ತಿರುವವರು ಶನಿವಾರ ಒಟ್ಟಿಗೆ ಕೂತು ಚಿತ್ರ ಬರೆಯುವ ಗುಂಪು ನಮ್ಮದು. ಎರಡು ವರ್ಷವಾಯಿತು, ಒಡೆದಿಲ್ಲ.

ಮೊದಲ ತಪ್ಪು ಹೆಸರಿನದು. ಬೋರ್ಡಿನಲ್ಲಿ ‘ಆಹಾರ ಸಮಸ್ಯೆ’ ಎಂದಿತ್ತು. ಮಡಿಕೇರಿಯಂಥ ಊರಲ್ಲಿ ಯಾರು ಯಾವ ಮೆಟ್ಟಿಲು ಹತ್ತಿದರು ಎನ್ನುವುದು ಸಂಜೆಯೊಳಗೆ ಮನೆ ಮುಟ್ಟುತ್ತದೆ. ಆರು ವಾರ ಖಾಲಿ ಕುರ್ಚಿ. ‘ಶನಿವಾರದ ಬಣ್ಣ’ ಎಂದು ಬದಲಿಸಿದ ಮೇಲೆ ಜನ ಬಂದರು. ಆರರಿಂದ ಎಂಟು ಮಂದಿ ಸಾಕು. ಹತ್ತಾದರೆ ಇಬ್ಬರು ಬಾಯಿ ಬಿಡದೆ ಹೋಗುತ್ತಾರೆ. ಮೂರರಿಂದ ನಾಲ್ಕೂವರೆ, ಸೋಮವಾರಪೇಟೆ ಕಡೆಯವರಿಗೆ ಬಸ್ಸು ಸಿಗಬೇಕಲ್ಲ. ನಡೆಸಲು ಇಬ್ಬರು ಬೇಕೇ ಬೇಕು. ಯಾರಾದರೂ ಅಳುತ್ತಾ ಎದ್ದುಹೋದರೆ ಒಬ್ಬರು ಹಿಂದೆ ಹೋಗಬೇಕು, ಇನ್ನೊಬ್ಬರು ಒಳಗಿರಬೇಕು.

ನಿಯಮ ಎರಡು ಪುಟ ಇತ್ತು, ಯಾರೂ ಓದಲಿಲ್ಲ. ಈಗ ಒಂದೇ ಸಾಲು: ಅಂಕಿ ಬೇಡ, ಉಪಾಯ ಬೇಡ. ತೂಕ, ಕ್ಯಾಲೊರಿ, ಬಟ್ಟೆಯ ಸೈಜು, ಎಷ್ಟು ಹೊತ್ತು ಉಪವಾಸ, ಇವೆಲ್ಲ ಅಂಕಿ. ಒಬ್ಬರು ಹೇಳಿದರೆ ಉಳಿದವರು ಮನಸ್ಸಿನಲ್ಲೇ ಹೋಲಿಸಿಕೊಳ್ಳುತ್ತಾರೆ. ವಾಂತಿ ಹೇಗೆ ಮಾಡುತ್ತಿದ್ದೆ ಎನ್ನುವುದು ಉಪಾಯ, ಪಕ್ಕದವರಿಗೆ ಅದು ಪಾಠ. ತಪ್ಪಿದಾಗ ಯಾರು ಬೇಕಾದರೂ ಗಂಟೆ ಬಾರಿಸಬಹುದು, ಕಾರಣ ಕೊಡಬೇಕಿಲ್ಲ.

ತಿಂಡಿ ಕೊಟ್ಟಾಗ ಜನ ತಪ್ಪಿಸಿಕೊಂಡರು. ಕೊಡದಿದ್ದಾಗ ಊಟ ಬಿಟ್ಟು ಬರಲು ಅದೇ ನೆಪವಾಯಿತು. ಕೊನೆಗೆ ಹಿಡಿದದ್ದು: ಏನು ತಿಂಡಿ ಎಂದು ಗುರುವಾರವೇ ತಿಳಿಸುವುದು, ಮೂರೂಮುಕ್ಕಾಲಿಗೆ ಸರಿಯಾಗಿ ಕೊಡುವುದು, ನಡೆಸುವವರೂ ಕೂತು ತಿನ್ನುವುದು, ಯಾರ ತಟ್ಟೆಯ ಬಗ್ಗೆಯೂ ಮಾತಿಲ್ಲ. “ವಾಹ್, ಮುಗಿಸಿದೆ!” ಕೂಡ ಬೇಡ.

ಕೊಡಗಲ್ಲವೇ, ಕಾಫಿ ಡಿಕಾಕ್ಷನ್ನಿನಲ್ಲೇ ಚಿತ್ರ ಬರೆಸೋಣ ಎನಿಸಿತ್ತು. ಚಿತ್ರ ಚೆನ್ನಾಗಿ ಬಂತು, ಗುಂಪು ಕೆಟ್ಟಿತು. ಬರೀ ಕಪ್ಪು ಕಾಫಿಯಲ್ಲಿ ಹಸಿವು ಮುಚ್ಚಿ ದಿನ ತಳ್ಳಿದವರಿಗೆ ಆ ವಾಸನೆಯೇ ಸಾಕು. ತಿನ್ನುವ ವಸ್ತುವೇ ಬೇಡವೆಂದು ಕಾಳು ಅಂಟಿಸುವುದು, ಅಕ್ಕಿ ಹಿಟ್ಟಿನ ರಂಗೋಲಿ ಎಲ್ಲ ಬಿಟ್ಟೆವು. ಈಗ ಕೆಮ್ಮಣ್ಣು. ನೀರಲ್ಲಿ ಕಲಕಿ, ಮರಳು ಇಳಿಯಲು ಒಂದೆರಡು ನಿಮಿಷ ಬಿಟ್ಟು, ಮೇಲಿನ ಕೆಸರು ನೀರನ್ನು ಹಳೇ ಪಂಚೆಯಲ್ಲಿ ಸೋಸಿ ರಾತ್ರಿಯಿಡೀ ಇಟ್ಟರೆ ತಳದಲ್ಲಿ ಬೆಣ್ಣೆಯಂಥ ಮಣ್ಣು. ಮೂರು ಚಮಚ ಮಣ್ಣಿಗೆ ಒಂದು ಚಮಚ ಫೆವಿಕಾಲ್. ದಪ್ಪ ಬಳಿದರೆ ಬಿರುಕು ಬಿಡುತ್ತದೆ. ತೆಳ್ಳಗೆ ಎರಡು ಸಲ. ಕಕ್ಕಡ ತಿಂಗಳ (ಜುಲೈ–ಆಗಸ್ಟ್) ಮಳೆಗೆ ಕಾಗದ ಬೂಷ್ಟು ಹಿಡಿಯುವುದು ಗ್ಯಾರಂಟಿ, ಟ್ರಂಕಿನಲ್ಲಿ ಇದ್ದಿಲು ಹಾಕಿಡಿ.

ಮಲಗಿಸಿ ದೇಹದ ಸುತ್ತ ಗೆರೆ ಎಳೆಸುವ ಪ್ರಯೋಗವನ್ನು ಜನ ಬರತೊಡಗಿದ ಮೂರನೇ ವಾರವೇ ಮಾಡಿದ್ದು ದಡ್ಡತನ. ಗೆರೆಗಳ ಅಗಲ ನೋಡಿ ಇಬ್ಬರು ಮತ್ತೆ ಬರಲಿಲ್ಲ. ಈಗ ಅಂಗೈ ಮಾತ್ರ. ವಾಟ್ಸಾಪಿನಲ್ಲಿ ತಟ್ಟೆಯ ಫೋಟೊ ಹಾಕಿಸಿದ್ದೂ ಅಷ್ಟೇ, ನಾಲ್ಕೇ ದಿನಕ್ಕೆ ಪೈಪೋಟಿ. ಕೊನೆಯ ಐದು ನಿಮಿಷಕ್ಕೆ ನಮ್ಮದೊಂದು ಪದ್ಧತಿಯಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಬಂದು ಕೂತರೆ ಗೊತ್ತಾಗುತ್ತದೆ.

ಖರ್ಚು ಶನಿವಾರಕ್ಕೆ ಸುಮಾರು 700 ರೂಪಾಯಿ: ಕೂರುವ ಕೋಣೆಯ ಬಾಡಿಗೆ 300, ತಿಂಡಿಗೆ 250ರ ಹತ್ತಿರ, ಉಳಿದದ್ದು ಕಾಗದ, ಅಂಟು. ಮಣ್ಣು ಬಿಟ್ಟಿ. ಮೊದಲ ವರ್ಷ ದುಬಾರಿ ಬಣ್ಣಕ್ಕೆ ಸುರಿದ ನಾಲ್ಕೈದು ಸಾವಿರ ದಂಡ.

ಗುಂಪು ಚಿಕಿತ್ಸೆಯಲ್ಲ. ತಲೆ ಸುತ್ತಿ ಬಿದ್ದರೆ, ಎದೆ ಡವಗುಟ್ಟಿದರೆ ಅವತ್ತೇ ಆಸ್ಪತ್ರೆ. ವಾಂತಿ ಮಾಡಿಕೊಳ್ಳುವವರಲ್ಲಿ ಪೊಟ್ಯಾಸಿಯಂ ಇಳಿದು ಹೃದಯದ ಲಯ ತಪ್ಪಬಹುದು. ಬಹಳ ದಿನ ಹಸಿದವರಿಗೆ ಮನೆಯವರು ಒಮ್ಮೆಲೇ ತುಂಬಿಸುವುದೂ ಅಪಾಯ, ರಕ್ತದಲ್ಲಿ ಫಾಸ್ಫೇಟ್ ಎಂಬ ಲವಣ ಕುಸಿಯಬಹುದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ನಂಬರು 14416 ಗೋಡೆಯ ಮೇಲಿದೆ.

ಕೊಡಗಿನ ಹಬ್ಬಗಳಾದ ಹುತ್ತರಿಗೆ, ಕೈಲ್‌ಪೊದ್‌ಗೆ ಎರಡು ವಾರ ಮುಂಚೆ, ಹಬ್ಬದೂಟದ ಒತ್ತಾಯ ಎದುರಿಸಲು ನಾಟಕದ ತಾಲೀಮು. ಎಷ್ಟು ಬಡಿಸಿಕೊಳ್ಳಬೇಕೆಂಬುದು ಆಹಾರತಜ್ಞರ ಜೊತೆ ಮೊದಲೇ ತೀರ್ಮಾನವಾಗಿರುತ್ತದೆ, ನಮ್ಮದು ಮಾತು ಮಾತ್ರ. ಒಬ್ಬರು ಅತ್ತೆಯಾಗಿ “ಇನ್ನೊಂದು ಕಡಂಬುಟ್ಟು (ಅಕ್ಕಿ ಕಡುಬು) ಹಾಕಿಸ್ಕೊ, ಎಷ್ಟು ಸೊರಗಿದ್ದೀಯ” ಎನ್ನಬೇಕು. ಉತ್ತರ ಚಿಕ್ಕದಿರಲಿ: “ನಾನೇ ಹಾಕ್ಕೊಳ್ತೀನಿ ಅತ್ತೆ.” ಹೇಳುವಾಗ ಅಂಗೈ ತಟ್ಟೆಯ ಮೇಲಿರಬೇಕು, ಬರೀ ಮಾತಿಗೆ ಸೌಟು ನಿಲ್ಲುವುದಿಲ್ಲ.